ಗೋಡೆಯ ತೇವಕ್ಕೆ ಡಾ. ಫಿಕ್ಸಿಟ್ ಎಲ್‌ಡಬ್ಲ್ಯೂ ಪ್ಲಸ್: ಯಾವ ಗೋಡೆಗೆ ಸರಿ, ಯಾವುದಕ್ಕೆ ಅಲ್ಲ

ಕರಾವಳಿಯ ಕೆಂಪುಕಲ್ಲಿನ ಮನೆಗಳಲ್ಲಿ ಮಳೆಗಾಲದ ಹೊಡೆತವನ್ನು ಹೆಚ್ಚಾಗಿ ತಿನ್ನುವುದು ಪಶ್ಚಿಮದ ಗೋಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಕಡೆಯಿಂದ ಬೀಸುವ ಗಾಳಿ ಮಳೆಯನ್ನು ನೇರವಾಗಿ ಗೋಡೆಗೇ ಅಪ್ಪಳಿಸುತ್ತದೆ. ಕೆಂಪುಕಲ್ಲಿನ ಮೈತುಂಬ ತೂತುಗಳಿರುವುದರಿಂದ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳಗಿಳಿದು ಕೋಣೆಯ ಬಣ್ಣವನ್ನು ಉಬ್ಬಿಸುತ್ತದೆ. ಉಡುಪಿಯ ನಮ್ಮ ಮನೆಯಲ್ಲಿ ಆ ಗೋಡೆಯ ಹಳೆಯ ಗಾರೆಯನ್ನು ಪೂರ್ತಿ ಕೆತ್ತಿಸಿ, ಪಿಡಿಲೈಟ್ ಕಂಪನಿಯ ಈ ದ್ರವವನ್ನು ಬೆರೆಸಿದ ಹೊಸ ಗಾರೆ ಹಾಕಿಸಿದೆವು. ಒಂದು ಪೂರ್ತಿ ಮಳೆಗಾಲ ನೋಡಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ಇದು ಗೋಡೆಗೆ ಹಚ್ಚುವ ಲೇಪವಲ್ಲ, ಗಾರೆಯೊಳಗೆ ಸೇರುವ ವಸ್ತು. 50 ಕಿಲೋ ಸಿಮೆಂಟಿನ ಚೀಲಕ್ಕೆ 200 ಮಿಲಿಲೀಟರ್ ಪ್ರಮಾಣ. ಅದನ್ನು ಕಲಸುವ ನೀರಿಗೆ ಹಾಕಬೇಕು. ಮೇಸ್ತ್ರಿಗಳು ಕಣ್ಣಂದಾಜಿನಲ್ಲಿ ಡಬ್ಬಿಯಿಂದಲೇ ಬಗ್ಗಿಸುವುದು ಸಾಮಾನ್ಯವಾದ್ದರಿಂದ, ಗೆರೆ ಹಾಕಿದ ಅಳತೆಯ ಲೋಟವೊಂದನ್ನು ನೀರಿನ ಡ್ರಮ್ಮಿನ ಪಕ್ಕದಲ್ಲಿಟ್ಟು, ಅರ್ಧ ಚೀಲ ಕಲಸಿದಾಗ 100 ಮಿಲಿಲೀಟರ್ ಮಾತ್ರ ಹಾಕುವಂತೆ ನೋಡಿಕೊಂಡೆವು. ಗಾರೆ ಮೆದುವಾಗಿ ಕರಣೆಗೆ ಸುಲಭವಾಗಿ ಬಗ್ಗುತ್ತದೆ, ಆದ್ದರಿಂದ ಮೇಸ್ತ್ರಿ ಮತ್ತೆ ಮತ್ತೆ ನೀರು ಸುರಿಯುವುದಿಲ್ಲ. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಇದೇ, ಏಕೆಂದರೆ ಹೆಚ್ಚಾಗಿ ಸೇರಿದ ನೀರು ಆರಿಹೋಗುವಾಗ ಬಿಟ್ಟ ಸಣ್ಣ ರಂಧ್ರಗಳೇ ಮುಂದೆ ಮಳೆನೀರಿಗೆ ದಾರಿಯಾಗುತ್ತವೆ. ಆದರೆ ಗಾರೆಗೆ ಕನಿಷ್ಠ ಒಂದು ವಾರ ನೀರುಣಿಸದಿದ್ದರೆ ಅದು ಬಿರುಕು ಬಿಡುವುದನ್ನು ಯಾವ ದ್ರವವೂ ತಡೆಯಲಾರದು.

ಫಲಿತಾಂಶ ತೃಪ್ತಿಕರ. ಕಿಟಕಿಯ ಸುತ್ತಲಿನ ಒದ್ದೆ ಕಲೆಗಳು ಮರಳಲಿಲ್ಲ. ಆ ಗೋಡೆಗೆ ತಾಗಿದ ಬಟ್ಟೆಯ ಕಪಾಟಿನ ಮುಗ್ಗಲು ವಾಸನೆಯೂ ಹೋಯಿತು.

ಗೋಡೆಯ ಬುಡದಲ್ಲಿ ಮಾತ್ರ, ನೆಲದಿಂದ ಮೊಣಕಾಲೆತ್ತರದವರೆಗೆ, ಬಿಳಿ ಉಪ್ಪು ಮತ್ತೆ ಹೊಮ್ಮಿದೆ. ಬೆರಳಿನಿಂದ ಸವರಿದರೆ ಪುಟ್ಟಿ ಪುಡಿಯಾಗಿ ಉದುರುತ್ತದೆ. ಇದನ್ನು ಈ ಉತ್ಪನ್ನದ ದೋಷವೆನ್ನಲಾಗದು. ಹಳೆಯ ಮನೆಯಾದ್ದರಿಂದ ಪಂಚಾಂಗದ (ಅಡಿಪಾಯದ) ಮೇಲೆ ತೇವ ತಡೆಯುವ ಪದರವೇ ಇಲ್ಲ, ನೆಲದ ನೀರು ಕಲ್ಲಿನ ರಂಧ್ರಗಳ ಮೂಲಕ ಮೇಲೇರಿ, ಜೊತೆಗೆ ತಂದ ಲವಣವನ್ನು ಮೇಲ್ಮೈಯಲ್ಲಿ ಬಿಟ್ಟು ಆರುತ್ತದೆ. ಹೊರಗಿನ ಗಾರೆ ಎಷ್ಟು ಬಿಗಿಯಾಗಿದ್ದರೂ ಕೆಳಗಿನಿಂದ ಬರುವ ನೀರನ್ನು ನಿಲ್ಲಿಸದು, ಬದಲಾಗಿ ಅದನ್ನು ಒಳಮುಖಕ್ಕೆ ತಳ್ಳಲೂಬಹುದು. ಅದಕ್ಕೆ ಅಂಗಳದ ಮಣ್ಣನ್ನು ತಗ್ಗಿಸಿ ನೀರು ಹರಿದುಹೋಗುವಂತೆ ಮಾಡಬೇಕು, ಇಲ್ಲವೇ ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆದು ನೀರು ತಡೆಯುವ ರಾಸಾಯನಿಕ ತುಂಬಿಸಬೇಕು.

ಈ ವ್ಯತ್ಯಾಸವನ್ನು ಅಂಗಡಿಯವರು ಹೇಳುವುದಿಲ್ಲವೆಂಬುದೇ ನನ್ನ ಬೇಸರ. ಒಬ್ಬರಂತೂ ಇದನ್ನೇ ಪೇಂಟಿಗೆ ಬೆರೆಸಿ ಹಚ್ಚಿದರೆ ಸಾಕೆಂದರು, ಅದು ಗ್ರಾಹಕರ ಹಣ ಹಾಳುಮಾಡುವ ಸಲಹೆ. ಹೊಸ ಗಾರೆ ಹಾಕಿಸುವವರು ನಿಶ್ಚಿಂತೆಯಿಂದ ಕೊಳ್ಳಬಹುದು, ಇರುವ ಗಾರೆಯ ಮೇಲೇ ಪರಿಹಾರ ಬಯಸುವವರಿಗೆ ಇದು ಬೇಡ. ಕೊಳ್ಳುವ ಮೊದಲು ಒದ್ದೆಯಾದ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚು ಟೇಪಿನಿಂದ ಮುಚ್ಚಿ ಒಂದೆರಡು ದಿನ ಬಿಡಿ: ಹನಿಗಳು ಗೋಡೆಯ ಬದಿಗೆ ಕಟ್ಟಿದರೆ ತೇವ ಗೋಡೆಯದು, ಕೋಣೆಯ ಬದಿಗೆ ಕಟ್ಟಿದರೆ ಬೇಕಾಗಿರುವುದು ಗಾರೆಯಲ್ಲ, ಗಾಳಿಯಾಟ.