ಪಿಟಾಟ್ ಟ್ಯೂಬಿನ ತೂತು ನೋಡ್ದೆ ಗ್ಲೈಡರ್ ಬಿಡ್ಬೇಡಿ, ಫೋನಲ್ಲಿ ಸೊನ್ನೆ ಬಂತು ಅಂತ ನಂಬ್ಬೇಡಿ

ಆರ್‌ಸಿ (ರಿಮೋಟಲ್ಲಿ ಹಾರಿಸೋ) ಗ್ಲೈಡರ್‌ಗೆ ಏರ್‌ಸ್ಪೀಡ್ ಸೆನ್ಸರ್ (ಗಾಳೀಲಿ ಹೋಗೋ ವೇಗ ಅಳೆಯೋದು) ಹಾಕಿ ಫೋನಲ್ಲಿ ಸ್ಪೀಡ್ ನೋಡೋರು, ಹಾಕ್ಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. ಸಂಕ್ರಾಂತಿ ಆದ್ಮೇಲಿನ ಭಾನುವಾರ ಮಂಡ್ಯ ಹತ್ರ ನಮ್ಮಕ್ಕನ ಊರಲ್ಲಿ ಎರಡು ಮೀಟರ್ ರೆಕ್ಕೆಯ ಗ್ಲೈಡರ್ ಕಳ್ಕೊಂಡೆ, ಎಂಟು ತಿಂಗಳು ಕೂತು ಕಟ್ಟಿದ್ದು. ಬಿದ್ದ ಜಾಗದಲ್ಲಿ ಯಾರೂ ಇರ್ಲಿಲ್ಲ, ಅದೊಂದೇ ಪುಣ್ಯ.

ರೆಕ್ಕೆ ಮುಂದೆ ಪಿಟಾಟ್ ಟ್ಯೂಬ್ (ಗಾಳಿಗೆ ಎದುರಾಗಿರೋ ಸಣ್ಣ ಕೊಳವೆ), ಅಲ್ಲಿಂದ ಎರಡು ಸಿಲಿಕಾನ್ ಪೈಪ್ ಎಂಪಿಎಕ್ಸ್‌ವಿ7002 ಅನ್ನೋ ಒತ್ತಡದ ಸೆನ್ಸರ್‌ಗೆ, ಸೆನ್ಸರ್‌ನಿಂದ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ, ಬೋರ್ಡ್‌ನಿಂದ ವೈಫೈಲಿ ಫೋನಿಗೆ. ಸೆನ್ಸರ್ 5 ವೋಲ್ಟಿಂದು, ಬೋರ್ಡಿನ ಪಿನ್ 3.3 ವೋಲ್ಟಿಗಿಂತ ಜಾಸ್ತಿ ತಡ್ಕೊಳಲ್ಲ, ವೋಲ್ಟೇಜ್ ತಗ್ಗಿಸೋಕೆ ಮಧ್ಯ ಎರಡು ರೆಸಿಸ್ಟರ್ ಹಾಕೋದು ಮರೀಬೇಡಿ. ಮುಂದಿನ ತೂತಿಗೆ ಎದುರುಗಾಳಿ ಒತ್ತಡ, ಪಕ್ಕದ ತೂತಿಗೆ ಸುತ್ತಲಿನ ಗಾಳಿ ಒತ್ತಡ, ಎರಡರ ವ್ಯತ್ಯಾಸದಿಂದ ಸ್ಪೀಡ್ ಲೆಕ್ಕ. ಮೈಸೂರು ರಿಂಗ್ ರೋಡಲ್ಲಿ ಬೆಳಗ್ಗೆ ಗಾಳಿ ಇಲ್ದಾಗ ಕಾರಿನ ಕಿಟಕಿಯಿಂದ ಹೊರಗೆ ಹಿಡಿದು ಜಿಪಿಎಸ್ ಜೊತೆ ತಾಳೆ ನೋಡಿದ್ದೆ, ಎರಡು ಮೂರು ಕಿಮೀ ಅಷ್ಟೇ ಹೆಚ್ಚುಕಮ್ಮಿ, ಅದಕ್ಕೇ ಅದರ ಮೇಲೆ ಅಷ್ಟು ನಂಬಿಕೆ ಬಂದ್ಬಿಟ್ಟಿತ್ತು.

ಆಮೇಲೆ ಗ್ಲೈಡರ್ ಮೂರು ವಾರ ಅಕ್ಕನ ಮನೆ ಜಗಲಿ ಮೇಲೆ ಇತ್ತು, ಟ್ಯೂಬಿಗೆ ಏನೂ ಮುಚ್ಚಿರ್ಲಿಲ್ಲ.

ಅವತ್ತು ಸಾಯಂಕಾಲ ಕೊಯ್ಲಾದ ಗದ್ದೇಲಿ ಪವರ್ ಆನ್ ಮಾಡ್ದೆ, ಫೋನಲ್ಲಿ ಸೊನ್ನೆ ಬಂತು, ಸರಿ ಇದೆ ಅನ್ಕೊಂಡು ರಬ್ಬರ್ ಹಗ್ಗ ಎಳೆದು ಬಿಟ್ಟೆ. ಅಕ್ಕನ ಮಗ ಫೋನ್ ಹಿಡ್ಕೊಂಡು ಓದ್ತಿದ್ದ, "ಮಾವ ಐವತ್ತು, ಮಾವ ಎಪ್ಪತ್ತು, ಮಾವ ತೊಂಬತ್ತೈದು!" ನನ್ ಗ್ಲೈಡರ್ ಆರಾಮಾಗಿ ಹಾರೋದೇ 35, 40 ಕಿಮೀಲಿ. ಬಿಸಿಲು ಕಣ್ಣಿಗೆ ಹೊಡೀತಿತ್ತು, ಮೇಲೆ ಒಂದು ಕಪ್ಪು ಗೆರೆ ಥರ ಕಾಣ್ತಿತ್ತು ಅಷ್ಟೇ, ರೆಕ್ಕೆ ಮುರ್ಕೊಂಡ್ಬಿಡುತ್ತೆ ಅಂತ ಹೆದರಿ ಸ್ಪೀಡ್ ತಗ್ಗಿಸೋಕೆ ಎಲಿವೇಟರ್ (ಮೂತಿ ಮೇಲೆತ್ತೋ ಬಾಲದ ರೆಕ್ಕೆ) ಎಳೆದೆ, ಇನ್ನೂ ಎಳೆದೆ. ಅದು ಆಗ್ಲೇ ನಿಧಾನ ಆಗಿತ್ತು. ಸ್ಟಾಲ್ ಆಗಿ, ಅಂದ್ರೆ ರೆಕ್ಕೆ ಎತ್ತಿ ಹಿಡಿಯೋ ಶಕ್ತಿ ಕಳ್ಕೊಂಡು, ಒಂದ್ ರೆಕ್ಕೆ ಕೆಳಗೆ ಹಾಕಿ ಗಿರಗಿರ ಸುತ್ಕೊಂಡು ನಾಲೆ ಏರಿ ಮೇಲೆ ಬಿತ್ತು.

ಬಿಚ್ಚಿ ನೋಡಿದ್ರೆ ಪಿಟಾಟಿನ ಮುಂದಿನ ತೂತಲ್ಲಿ ಗಟ್ಟಿ ಮಣ್ಣು. ಗೋಡೆ ಮೂಲೇಲಿ ಮಣ್ಣಿನ ಗೂಡು ಕಟ್ಟುತ್ತಲ್ಲ ಕಡಜ, ಅದರದ್ದೇ ಕೆಲಸ. ಮುಚ್ಚಿದ ಪೈಪಲ್ಲಿ ನೆಲದ ಮಟ್ಟದ ಗಾಳಿ ಸಿಕ್ಕಾಕ್ಕೊಂಡಿತ್ತು, ಆನ್ ಮಾಡಿದಾಗ ಬೋರ್ಡಿನ ಪ್ರೋಗ್ರಾಂ ಅದನ್ನೇ ಸೊನ್ನೆ ಅಂತ ತಗೊಂಡಿದೆ. ಗ್ಲೈಡರ್ ಮೇಲೆ ಹೋದಂಗೆ ಹೊರಗಿನ ಒತ್ತಡ ಮೀಟರಿಗೆ ಸುಮಾರು 10, 11 ಪ್ಯಾಸ್ಕಲ್ ಕಮ್ಮಿ ಆಗುತ್ತೆ, ಒಳಗಿಂದು ಹಂಗೇ ಇರುತ್ತೆ, 40 ಮೀಟರಿಗೆ ನಾನೂರು ಚಿಲ್ಲರೆ ಪ್ಯಾಸ್ಕಲ್, ಅದನ್ನ ಸ್ಪೀಡಿಗೆ ತಿರುಗಿಸಿದ್ರೆ 95 ಕಿಮೀ. ಅಂದ್ರೆ ಹುಡುಗ ಓದ್ತಿದ್ದಿದ್ದು ಸ್ಪೀಡಲ್ಲ, ಎತ್ತರ.

1996ರ ಫೆಬ್ರವರಿ 6ಕ್ಕೆ ಡೊಮಿನಿಕನ್ ರಿಪಬ್ಲಿಕ್‌ನ ಪುಯೆರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 189 ಜನರೂ ತೀರ್ಕೊಂಡಿದ್ದು ಇದೇ ರೀತಿ. ಪಿಟಾಟ್ ಮುಚ್ಚದೆ ದಿನಗಟ್ಟಲೆ ನಿಂತಿದ್ದ ವಿಮಾನ, ಕಡಜ ಗೂಡು ಕಟ್ಟಿರ್ಬೇಕು ಅಂತ ತನಿಖೆ ಮಾಡಿದವರ ಅನುಮಾನ, ವಿಮಾನ ಮೇಲೆ ಹೋದಂಗೆಲ್ಲಾ ಕ್ಯಾಪ್ಟನ್ ಕಡೆ ಮೀಟರ್ ಜಾಸ್ತಿ ಸ್ಪೀಡ್ ತೋರಿಸ್ತಾ ಹೋಯ್ತು, ಕೊನೆಗೆ ಸ್ಟಾಲ್. ಇದನ್ನ ಎಷ್ಟೋ ವರ್ಷದ ಹಿಂದೆ ಓದಿದ್ದೆ, ಗದ್ದೇಲಿ ನಿಂತಾಗ ನೆನಪಿಗೇ ಬರ್ಲಿಲ್ಲ.

ಅದಕ್ಕೇ ಹೇಳ್ತಿದೀನಿ, ತೂತು ಮುಚ್ಚಿದ್ರೂ ಸೊನ್ನೆ ಬರುತ್ತೆ. ಆನ್ ಮಾಡಿ ಸೊನ್ನೆ ಬಂದ್ಮೇಲೆ ಟ್ಯೂಬಿನ ಮುಂದೆ ನಾಲ್ಕು ಬೆರಳು ದೂರದಿಂದ ಮೆಲ್ಲಗೆ ಉಫ್ ಅನ್ನಿ, ಬಾಯಿ ಇಟ್ಟು ಊದ್ಬೇಡಿ ಸೆನ್ಸರ್ ಹಾಳಾಗ್ಬಹುದು. ನಂಬರ್ ಏರಿ ವಾಪಸ್ ಸೊನ್ನೆಗೆ ಬರ್ಬೇಕು, ಬರ್ಲಿಲ್ಲ ಅಂದ್ರೆ ಅವತ್ತು ಹಾರಿಸ್ಬೇಡಿ. ಮನೇಲಿ ಇಡುವಾಗ ಟ್ಯೂಬಿಗೆ ಪೆನ್ನಿನ ಕ್ಯಾಪ್ ಹಾಕಿ ಅದಕ್ಕೊಂದು ಕೆಂಪು ರಿಬ್ಬನ್ ಕಟ್ಟಿ, ಬಿಡುವಾಗ ತೆಗೆಯೋದು ಮರೆಯಲ್ಲ. ಜಗಲಿ, ಕೊಟ್ಟಿಗೆ, ಅಟ್ಟದ ಮೇಲೆ ಗ್ಲೈಡರ್ ಇಟ್ಟಿರೋರು ಇವತ್ತೇ ಒಂದ್ ಸಲ ಟಾರ್ಚ್ ಬಿಟ್ಟು ತೂತು ನೋಡಿ.