ನವನಗರದ ಸೀರೆ ಅಂಗಡಿ: ಸೀರೆಗೆ ನಾಲ್ಕು ಸ್ಟಾರ್, ಮಾಲೀಕರಿಗೆ ಎರಡು

ಅಂಗಡಿ ಹೆಸರು ಹಾಕಲ್ಲ. ಒಳಗೆ ಇನ್ನೂ ಕೆಲಸ ಮಾಡುತ್ತಿರುವವರಿಗೆ ನನ್ನಿಂದ ತೊಂದರೆ ಆಗೋದು ಬೇಡ. ಬಾಗಲಕೋಟೆಯವರಿಗೆ ಹೇಗೂ ಗೊತ್ತಾಗುತ್ತೆ.

ದೀಪಾವಳಿಗೆ ಸ್ವಲ್ಪ ಮುಂಚೆ ಅಲ್ಲಿನ ಸೇಲ್ಸ್ ಹೆಣ್ಣುಮಕ್ಕಳು ಅಂಗಡಿ ಮುಂದೆಯೇ ನಿಂತು ಮಾತಾಡಿದ ವಿಡಿಯೊ ವಾಟ್ಸಾಪ್‌ನಲ್ಲಿ ಓಡಾಡಿತ್ತು. ಯಾರೂ ಮುಖ ಮುಚ್ಚಿಕೊಂಡಿರಲಿಲ್ಲ. ಕೂರೋಕೆ ಒಂದು ಸ್ಟೂಲ್ ಇಲ್ಲ, ಹಬ್ಬದ ಸೀಸನ್‌ನಲ್ಲಿ ವಾರದ ರಜೆ ಇಲ್ಲ, ಸ್ಟಾಕ್ ಕಡಿಮೆ ಬಂದರೆ ಪಗಾರದಲ್ಲಿ ಕಟ್. ಇದಿಷ್ಟನ್ನು ಕೇಳಿ ಜನ ‘ಎಲ್ಲ ಕಡೆ ಹಿಂಗೇ’ ಅಂದುಬಿಡುತ್ತಿದ್ದರೇನೋ. ಆದರೆ ಒಬ್ಬಾಕೆ ಇನ್ನೊಂದು ಮಾತು ಸೇರಿಸಿದಳು: “ಪವರ್‌ಲೂಮ್ ಸೀರೀನ ಕೈಮಗ್ಗದ್ದು ಅಂತ ಹೇಳ್ರಿ ಅಂತಾರ. ಮುಂಜಾನಿಂದ ನಿಂತು ಸುಳ್ಳ ಹೇಳೂದು ನಮ್ಮ ಕೆಲಸೇನ್ರಿ?” ಗಿರಾಕಿಗಳು ಎದ್ದು ಕೂತದ್ದು ಅಲ್ಲಿಂದ. ನಮ್ಮ ದುಡ್ಡಿನ ವಿಷಯ ಅಲ್ವಾ!

ತಂಗಿಯ ಕುಬಸಕ್ಕೆ (ಸೀಮಂತಕ್ಕೆ) ಹಸಿರು ಇಳಕಲ್ ಸೀರೆ ಬೇಕಿತ್ತು, ಹೋದೆ. ಈಗ ರ‍್ಯಾಕ್‌ಗಳ ಮೇಲೆ ಕೈಮಗ್ಗ, ಪವರ್‌ಲೂಮ್ ಅಂತ ಬೇರೆ ಬೇರೆ ಚೀಟಿ ಅಂಟಿಸಿದ್ದಾರೆ. ಚೀಟಿ ಯಾರು ಬೇಕಾದರೂ ಅಂಟಿಸಬಹುದು. ನಾನು ಕೇಳುವ ಮೊದಲೇ ಕೌಂಟರಿನ ಹುಡುಗಿ ಕೈಮಗ್ಗದ ಸೀರೆಯೊಂದರ ಸೆರಗನ್ನು ತಿರುಗಿಸಿ ಒಳಮೈ ತೋರಿಸಿದಳು. ಹತ್ತಿಯ ಒಡಲು ಮುಗಿದು ರೇಷ್ಮೆ ಸೆರಗು ಶುರುವಾಗುವ ಜಾಗದಲ್ಲಿ ಸೀರೆಯ ಅಡ್ಡಗಲಕ್ಕೂ ಸಣ್ಣ ಸಣ್ಣ ಕೊಂಡಿಗಳ ಸಾಲು. ಒಡಲಿನ ಹಾಸಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕೈಯಿಂದಲೇ ಸಿಕ್ಕಿಸಿದ್ದು. ಬೆರಳಾಡಿಸಿದರೆ ದಾರದ ಏಣು ಹತ್ತುತ್ತೆ. ಪಕ್ಕದಲ್ಲೇ ಒಂದು ಪವರ್‌ಲೂಮ್ ಸೀರೆ ಬಿಚ್ಚಿಟ್ಟಳು. ಇಳಕಲ್‌ನ ಗುರುತಾದ ಅದೇ ಟೋಪ್ ತೆನಿ ವಿನ್ಯಾಸದ ಸೆರಗು, ಅದೇ ಕೆಂಪು, ಅದೇ ಗೋಮಿ ವಿನ್ಯಾಸದ ದಡಿ. ಕೊಂಡಿ ಮಾತ್ರ ಇಲ್ಲ. ಕುಚ್ಚಿನಿಂದ ಒಂದೆಳೆ ಕಿತ್ತು ಸುಟ್ಟರೆ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ರೇಯಾನ್‌ನ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಆದರೆ ಕಾಗದದ ವಾಸನೆ ಅಂತಲೂ ಹೇಳಿದಳು. ಅಂಗಡಿಯೊಳಗೆ ಬೆಂಕಿ ಕಡ್ಡಿ ಗೀರಲಿಲ್ಲ, ಬಿಡಿ.

ಸೀರೆ 4,200 ರೂಪಾಯಿ. ಬಣ್ಣ ಚೆನ್ನಾಗಿದೆ, ಬಿಲ್ಲಿನಲ್ಲಿ ‘ಕೈಮಗ್ಗ’ ಅಂತ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ. ಪಾರ್ಕಿಂಗ್ ಪರವಾಗಿಲ್ಲ. ರವಿಕೆಗೆ ಗುಳೇದಗುಡ್ಡ ಖಣ ಜಾಸ್ತಿ ಇಟ್ಟಿಲ್ಲ, ಅದಕ್ಕೆ ನೇರ ಗುಳೇದಗುಡ್ಡಕ್ಕೇ ಹೋಗೋದು ಒಳ್ಳೆಯದು.

ಇನ್ನು ಕೌಂಟರಿನ ಹಿಂದೆ ನಾಲ್ಕು ಪ್ಲಾಸ್ಟಿಕ್ ಸ್ಟೂಲ್ ಬಂದಿವೆ. ಒಂದರ ಮೇಲೆ ಬ್ಲೌಸ್ ಪೀಸ್ ಪೇರಿಸಿಟ್ಟಿದ್ದರು, ಇನ್ನೊಂದರ ಮೇಲೆ ನೀರಿನ ಕ್ಯಾನ್. ಯಾರೂ ಕೂತಿರಲಿಲ್ಲ. “ಗಿರಾಕಿ ಇದ್ದಾಗ ಕೂರಂಗಿಲ್ರಿ” ಅಂದಳು ಹುಡುಗಿ. ಮತ್ತೆ ಯಾವಾಗ ಕೂರೋದು? ಕೋಳಿಕ್ಕೋಡ್‌ನ ಬಟ್ಟೆ ಅಂಗಡಿ ಹೆಣ್ಣುಮಕ್ಕಳು ಇದಕ್ಕಾಗಿಯೇ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿತು, 2021ರಲ್ಲಿ ತಮಿಳುನಾಡೂ ಸೇರಿಸಿತು. ನಮ್ಮ ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆಯ ಮಿತಿ, ವಾರಕ್ಕೊಂದು ರಜೆ, ಓವರ್‌ಟೈಮ್‌ಗೆ ಎರಡು ಪಟ್ಟು ಪಗಾರ ಅಂತ ಇದೆ. ಈ ಹುಡುಗಿಯರು ಕೇಳಿದ್ದೇನೂ ಹೊಸದಲ್ಲ.

ವಿಡಿಯೊದಲ್ಲಿ ಮುಂದೆ ನಿಂತು ಮಾತಾಡಿದ ಇಬ್ಬರು ಅಂಗಡಿಯಲ್ಲಿ ಕಾಣಲಿಲ್ಲ. ಮ್ಯಾನೇಜರ್‌ನ ಕೇಳಿದೆ. “ಅವರಾಗೇ ಬಿಟ್ರು ಮೇಡಂ” ಅಂದು ದುಪಟ್ಟಾ ತೋರಿಸೋಕೆ ಶುರು ಮಾಡಿದರು. ಇಬ್ಬರೂ ಒಟ್ಟಿಗೇ ಅವರಾಗೇ ಬಿಟ್ಟರಂತೆ! ನಾಲ್ಕು ಸ್ಟಾರ್ ಕೊಟ್ಟಿರೋದು ಸೀರೆಗೆ, ಅದನ್ನು ಪ್ರಾಮಾಣಿಕವಾಗಿ ಬಿಡಿಸಿ ತೋರಿಸಿದ ಹುಡುಗಿಗೆ. ಆ ಇಬ್ಬರನ್ನು ವಾಪಸ್ ಕರೆದುಕೊಂಡು, ಸ್ಟೂಲ್ ಮೇಲಿನ ಬ್ಲೌಸ್ ಪೀಸ್ ತೆಗೆದರೆ ಮಾಲೀಕರ ಎರಡು ಸ್ಟಾರ್ ಏರಿಸುತ್ತೇನೆ. ಅಲ್ಲಿವರೆಗೆ ಮದುವೆ ಜವಳಿಯ ದೊಡ್ಡ ಬಿಲ್ ನನ್ನಿಂದ ಇಲ್ಲ.