ನೆರೆ ಬಂದಾಗ ಕಿಟ್ ಕೊಡುವುದಾ, ಹೆಂಗಸರ ಖಾತೆಗೆ ದುಡ್ಡು ಹಾಕುವುದಾ?

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಬಂದಂಥ ನೆರೆ ಮತ್ತೆ ಬಂದರೆ, ನಿಮ್ಮ ತಂಡ ಕೂಡಿಸಿದ ಹಣವನ್ನು ಹೇಗೆ ಖರ್ಚು ಮಾಡಬೇಕು?

ಮೊದಲ ಕೆಲವು ದಿನ ಕಿಟ್ಟೇ ಸರಿ. ಅಂಗಡಿ ಮುಚ್ಚಿರುತ್ತದೆ, ಕೈಯಲ್ಲಿ ದುಡ್ಡಿದ್ದರೂ ಏನೂ ಸಿಗುವುದಿಲ್ಲ. ಆದರೆ ಸುಮ್ನೆ ಅಕ್ಕಿ, ಬಿಸ್ಕೆಟ್, ಹಳೇ ಸೀರೆ ತುಂಬಿ ಕಳಿಸಬೇಡಿ. ಪ್ಯಾಡ್, ಒಳಉಡುಪು, ಸೋಪು, ಟಾರ್ಚ್ ಇರಲೇಬೇಕು. ಪ್ಯಾಡ್ ಬದಲು ಬಟ್ಟೆ ಬಳಸುವವರೂ ಇದ್ದಾರೆ, ಕೇಳಿಕೊಂಡು ಹಾಕಿ. ಹಂಚುವವರು ಹೆಂಗಸರೇ ಆಗಿರಲಿ, ಗಂಡಸರ ಮುಂದೆ ಸಾಲಲ್ಲಿ ನಿಂತು ಪ್ಯಾಡ್ ಕೇಳುವುದು ಕಷ್ಟ ಅಲ್ವಾ?

ನೀರು ಇಳಿದು ಸಂತೆ ಶುರುವಾದ ಮೇಲೆ ನನ್ನ ಆಯ್ಕೆ ದುಡ್ಡು. ಒಬ್ಬಳಿಗೆ ಮಗುವಿನ ಔಷಧಿ ಬೇಕು, ಇನ್ನೊಬ್ಬಳಿಗೆ ಹೊಲಿಗೆ ಯಂತ್ರ ರಿಪೇರಿಯಾಗಬೇಕು, ಅದನ್ನು ನಾವು ಬೆಂಗಳೂರಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ಮನೆ ಯಜಮಾನನ ಹೆಸರಿಗೇ ಹಾಕುತ್ತಾ ಹೋದರೆ ಗಂಡ ಬಿಟ್ಟವರು, ಒಂದೇ ಸೂರಿನಡಿ ಇರುವ ವಿಧವೆ ಸೊಸೆಯಂಥವರು ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ. ಗೃಹಲಕ್ಷ್ಮಿ ಹಣ ಬರುವ ಮನೆಗಳಲ್ಲಿ ಹೆಂಗಸಿನ ಖಾತೆ ಈಗಾಗಲೇ ಇದೆ. ಖಾತೆ ಇಲ್ಲದವರಿಗೆ ಊರಿನ ಸ್ವಸಹಾಯ ಸಂಘದ ಮೂಲಕ ಕೊಡಿ.

ದುಡ್ಡಿಗಾಗಿ ಮನೆಯಲ್ಲಿ ಹೊಡೆತ ಬೀಳಬಹುದು. ಆ ಭಯ ಇರುವವರಿಗೆ ಏನು ಬೇಕೆಂದು ಒಬ್ಬೊಬ್ಬರನ್ನೇ, ಬೇರೆಯಾಗಿ ಕೇಳಿ. ಕೆಲವರು ಕಿಟ್ಟೇ ಸಾಕು ಅನ್ನುತ್ತಾರೆ, ಅವರಿಗೆ ಅದನ್ನೇ ಕೊಡಿ.